ಪುಸ್ತಕ ಮುಚ್ಚಿಟ್ಟು ಬರೆಯಿರಿ

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ಹೈಸ್ಕೂಲುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮೇಲಿನ ಪ್ರಬಂಧಗಳ ಸುಗ್ಗಿ. ಒಂದು ತರಗತಿಯ ನೋಟ್‌ಬುಕ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು ತಿರುವಿದರೆ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ಶಿವನಸಮುದ್ರದ ವಿದ್ಯುತ್ ಕೇಂದ್ರವನ್ನು ಕಟ್ಟಿಸಿದವರು ವಿಶ್ವೇಶ್ವರಯ್ಯ. ಆದರೆ ಆ ಕೇಂದ್ರದಿಂದ ವಿದ್ಯುತ್ ಹರಿದದ್ದು 1902ರಲ್ಲಿ. ಅದರ ಕೆಲಸ ಶುರುವಾದದ್ದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿ ಮೈಸೂರು ಸಂಸ್ಥಾನಕ್ಕೆ ಬಂದದ್ದೇ 1909ರಲ್ಲಿ. ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಬೇಕೆಂಬುದು ಆಮೇಲೆ ಅವರು ಕೈಗೆತ್ತಿಕೊಂಡ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಎರಡೂ ಎಲ್ಲೋ ಬೆರೆತುಹೋಗಿ, ಯಾರೋ ಒಬ್ಬರು ಬರೆದ ತಪ್ಪು ಗೈಡಿನಿಂದ ಜಾಲತಾಣಕ್ಕೆ, ಅಲ್ಲಿಂದ ನೋಟ್‌ಬುಕ್ಕಿಗೆ ನಡೆದುಬಂದಿದೆ.

ಮೇಷ್ಟ್ರಿಗೆ ನಕಲು ಹಿಡಿಯಲು ಯಾವ ಸಾಫ್ಟ್‌ವೇರೂ ಬೇಡ, ಇಂಥ ಒಂದು ತಪ್ಪು ಸಾಕು. ಸರಿಯುತ್ತರ ಹತ್ತು ಮಕ್ಕಳಲ್ಲಿ ಒಂದೇ ಇರಬಹುದು. ಒಂದೇ ತಪ್ಪು, ಒಂದೇ ಪದಗಳಲ್ಲಿ, ಹತ್ತು ಕಡೆ ಇದ್ದರೆ ಅದಕ್ಕೆ ಬೇರೆ ವಿವರಣೆ ಇಲ್ಲ.

ಕದಿಯಲೇಬೇಕೆಂದು ಹೊರಟ ಮಕ್ಕಳು ಅಪರೂಪ. ಎಡಗಡೆ ಪುಸ್ತಕ ಅಥವಾ ಮೊಬೈಲು ತೆರೆದಿಟ್ಟು, ಬಲಗಡೆ ನೋಟ್‌ಬುಕ್ ಇಟ್ಟುಕೊಂಡು ಬರೆಯಲು ಕೂತರೆ ಎಂಥವರ ಕೈಯೂ ನಕಲು ಮಾಡುತ್ತದೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಕೆಲಸದ ಕ್ರಮದ ಬಗ್ಗೆ. ಕ್ರಮ ಬದಲಾದರೆ ಕೃತಿಚೌರ್ಯದ ಮುಕ್ಕಾಲು ಪಾಲು ತಾನಾಗಿಯೇ ತಪ್ಪುತ್ತದೆ.

ಯಾವುದು ಯಾರದ್ದು?

ಮಾಹಿತಿ ಯಾರ ಸ್ವತ್ತೂ ಅಲ್ಲ. 1902 ಎಂಬ ಇಸವಿಯನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಆ ಮಾಹಿತಿಯನ್ನು ಹೇಳಿದ ವಾಕ್ಯ, ಜೋಡಿಸಿದ ರೀತಿ, ಅದರಿಂದ ಹೊರಡಿಸಿದ ಅಭಿಪ್ರಾಯ ಇವೆಲ್ಲ ಬರೆದವರದ್ದು. ಅವನ್ನು ತೆಗೆದುಕೊಂಡು ಹೆಸರು ಹೇಳದಿದ್ದರೆ ಕೃತಿಚೌರ್ಯ.

ಇದನ್ನು ಹಕ್ಕುಸ್ವಾಮ್ಯದ ಜೊತೆ ಬೆರೆಸಿಕೊಳ್ಳಬೇಡಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಪಂಪನ ಪದ್ಯ ಅಚ್ಚು ಹಾಕಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗೆಂದು ಅದನ್ನು ‘ನಾನು ಬರೆದದ್ದು’ ಎಂದು ಶಾಲೆಯ ವಾರ್ಷಿಕ ಸಂಚಿಕೆಗೆ ಕೊಡಲು ಬರುವುದಿಲ್ಲ.

ಆಕರ ಹೇಳುವುದು ಇಂಗ್ಲಿಷರಿಂದ ಬಂದ ಆಫೀಸು ಪದ್ಧತಿ ಎಂದು ಕೆಲವರು ಗೊಣಗುವುದುಂಟು. ನಮ್ಮ ಹಳೆಯ ಕವಿಗಳು ಕಾವ್ಯದ ಆರಂಭದಲ್ಲೇ ಪೂರ್ವಕವಿಗಳನ್ನು ನೆನೆಯುತ್ತಿದ್ದರು. ಪಂಪ ವ್ಯಾಸರನ್ನು ನೆನೆದೇ ಮುಂದೆ ಹೋಗುತ್ತಾನೆ. ಗದುಗಿನ ನಾರಣಪ್ಪನಂತೂ ತನ್ನ ಹೆಸರನ್ನೇ ಕುಮಾರವ್ಯಾಸ ಎಂದು ಮಾಡಿಕೊಂಡ. ಬಿಎಂಶ್ರೀ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಪುಸ್ತಕಕ್ಕೆ ಇಟ್ಟ ಹೆಸರೇ ‘ಇಂಗ್ಲಿಷ್ ಗೀತಗಳು’. ಇವರಲ್ಲಿ ಯಾರ ಹಿರಿಮೆಯೂ ಇದರಿಂದ ಕಡಿಮೆಯಾಗಲಿಲ್ಲ.

ಹುಡುಕುವ ಮೊದಲು ಪ್ರಶ್ನೆ

ಮೊದಲ ಹೆಜ್ಜೆ ಪೆನ್ನಿನದು, ಗೂಗಲ್‌ನದಲ್ಲ. ‘ವಿಶ್ವೇಶ್ವರಯ್ಯನವರ ಜೀವನ ಮತ್ತು ಸಾಧನೆ’ ಎಂಬಂಥ ವಿಷಯವನ್ನು ಹಾಗೇ ಹುಡುಕಿದರೆ ಸಿದ್ಧ ಪ್ರಬಂಧವೇ ಬಂದು ಬೀಳುತ್ತದೆ. ಅದರ ಬದಲು ಒಂದು ಹಾಳೆಯಲ್ಲಿ ನಿಮಗೆ ನಿಜವಾಗಿ ಗೊತ್ತಿಲ್ಲದ ನಾಲ್ಕೈದು ಪ್ರಶ್ನೆ ಬರೆದುಕೊಳ್ಳಿ. ಕನ್ನಂಬಾಡಿ ಕಟ್ಟೆಗೆ ನೀರು ನಿಂತಾಗ ಮುಳುಗಿದ ಊರುಗಳವರು ಎಲ್ಲಿಗೆ ಹೋದರು? ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು ಯಾಕೆ? ನಮ್ಮ ಊರಿನ ನಾಲೆಗೂ ಅವರಿಗೂ ಸಂಬಂಧ ಉಂಟೇ? ಇಂಥ ಪ್ರಶ್ನೆಗೆ ಉತ್ತರ ಒಂದೇ ಕಡೆ ಸಿಗುವುದಿಲ್ಲ. ಎರಡು ಮೂರು ಕಡೆ ಓದಲೇಬೇಕು. ಎರಡು ಮೂರು ಕಡೆ ಓದಿದವರಿಗೆ ಯಾವುದೋ ಒಂದನ್ನೇ ಇಳಿಸಿಕೊಳ್ಳುವುದು ಕಷ್ಟ.

ಶಿಕ್ಷಕರಿಗೂ ಇಲ್ಲೊಂದು ಮಾತು. ಇಡೀ ತರಗತಿಗೆ ಒಂದೇ ಹೆಸರು ಕೊಟ್ಟು ‘ಹತ್ತು ಪುಟಕ್ಕೆ ಕಡಿಮೆ ಇರಬಾರದು’ ಎಂದರೆ ನಕಲಿಗೆ ಆಹ್ವಾನ ಕೊಟ್ಟಂತೆಯೇ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಆಂತರಿಕ ಅಂಕಗಳಿವೆ. ಆ ಅಂಕ ಹೊಳೆಯುವ ಹೊದಿಕೆಗೂ ಸ್ಕೆಚ್ ಪೆನ್ನಿನ ಅಂಚಿಗೂ ಹೋಗುತ್ತಿದ್ದರೆ ಮಕ್ಕಳು ಜೆರಾಕ್ಸ್ ಅಂಗಡಿಯ ಬಾಗಿಲಿಗೆ ಹೋಗುವುದರಲ್ಲಿ ಆಶ್ಚರ್ಯವೇನು?

ಟಿಪ್ಪಣಿ: ಇಲ್ಲಿಯೇ ಗೆಲುವು, ಇಲ್ಲಿಯೇ ಸೋಲು

ಹಾಳೆಯ ಮೇಲ್ತುದಿಯಲ್ಲಿ ಮೊದಲು ಆಕರ ಬರೆಯಿರಿ: ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ. ಆಮೇಲೆ ಗೆರೆ ಎಳೆದು, ಎಡಗಡೆ ಪುಟಸಂಖ್ಯೆ, ಬಲಗಡೆ ವಿಷಯ. ವಿಷಯವನ್ನು ಪೂರ್ಣ ವಾಕ್ಯವಾಗಿ ಬರೆಯಬೇಡಿ, ತುಂಡು ಪದಗಳು ಸಾಕು. ಪೂರ್ಣ ವಾಕ್ಯ ಬರೆದುಕೊಂಡರೆ ಎಂಟು ದಿನದ ನಂತರ ಅದು ನಿಮ್ಮದೋ ಪುಸ್ತಕದ್ದೋ ಎಂದು ನಿಮಗೇ ತಿಳಿಯುವುದಿಲ್ಲ. ಯಾವುದಾದರೂ ವಾಕ್ಯ ಅಷ್ಟು ಚೆನ್ನಾಗಿದ್ದು ಹಾಗೇ ಬೇಕೆನಿಸಿದರೆ ಕೆಂಪು ಶಾಯಿಯಲ್ಲಿ, ಉದ್ಧರಣ ಚಿಹ್ನೆ ಹಾಕಿಯೇ ಬರೆದುಕೊಳ್ಳಿ. ನೀಲಿ ನಿಮ್ಮದು, ಕೆಂಪು ಬೇರೆಯವರದು ಎಂಬ ನಿಯಮ ಒಮ್ಮೆ ರೂಢಿಯಾದರೆ ಕಾಲೇಜಿನವರೆಗೂ ಕೈಹಿಡಿಯುತ್ತದೆ.

ಪುಟಸಂಖ್ಯೆ ಯಾಕೆ ಎನ್ನಬಹುದು. ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷವನ್ನೇ ನೋಡಿ. ಕೆಲವು ಕಡೆ 1860, ಕೆಲವು ಕಡೆ 1861 ಎಂದಿದೆ. ಅವರಿಗೆ ನೂರು ತುಂಬಿತೆಂದು ಅಂಚೆ ಇಲಾಖೆ ಚೀಟಿ ಹೊರತಂದದ್ದು 1960ರಲ್ಲಿ. ಎಲ್ಲಿ ಏನು ಓದಿದಿರಿ ಎಂದು ಗುರುತು ಹಾಕಿಕೊಂಡಿದ್ದರೆ ಇಂಥ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ಅದರ ಬಗ್ಗೆಯೇ ಎರಡು ಸಾಲು ಬರೆಯಬಹುದು. ಆ ಎರಡು ಸಾಲು ಮಾತ್ರ ಯಾವ ಗೈಡಿನಲ್ಲೂ ಇರುವುದಿಲ್ಲ.

ಪದ ಬದಲಿಸಿದರೆ ಸಾಲದು

ನಕಲಿನಲ್ಲಿ ಅತಿ ಸಾಮಾನ್ಯವಾದದ್ದು ಇದು. ಒಂದು ಪ್ರಾಜೆಕ್ಟ್ ಪುಸ್ತಕದಲ್ಲಿ ಹೀಗಿದೆ ಎಂದುಕೊಳ್ಳಿ:

“ಶಿವನಸಮುದ್ರದಲ್ಲಿ ಸ್ಥಾಪಿಸಲಾದ ಜಲವಿದ್ಯುತ್ ಕೇಂದ್ರವು 1902ರಲ್ಲಿ ಕಾರ್ಯಾರಂಭ ಮಾಡಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಪೂರೈಸಿತು. ಇದು ಅಂದಿನ ಕಾಲಕ್ಕೆ ಮಹತ್ತರ ಸಾಧನೆಯಾಗಿತ್ತು.”

ಇದನ್ನು ‘ಸ್ವಂತ ವಾಕ್ಯದಲ್ಲಿ’ ಬರೆಯಿರಿ ಎಂದರೆ ಬಹುಪಾಲು ಮಕ್ಕಳು ಬರೆಯುವುದು ಹೀಗೆ:

“ಶಿವನಸಮುದ್ರದಲ್ಲಿ ನಿರ್ಮಿಸಲಾದ ಜಲವಿದ್ಯುತ್ ಘಟಕವು 1902ರಲ್ಲಿ ಕೆಲಸ ಆರಂಭಿಸಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಬಂಗಾರದ ಗಣಿಗಳಿಗೆ ಕರೆಂಟನ್ನು ಒದಗಿಸಿತು. ಇದು ಆಗಿನ ಕಾಲಕ್ಕೆ ಬಹುದೊಡ್ಡ ಸಾಧನೆಯಾಗಿತ್ತು.”

ಚಿನ್ನ ಹೋಗಿ ಬಂಗಾರ ಬಂದಿದೆ, ಅಷ್ಟೇ. ಎಲುಬುಗೂಡು ಅದೇ. ಇದೂ ಕೃತಿಚೌರ್ಯವೇ, ಶ್ರಮ ಮಾತ್ರ ದುಪ್ಪಟ್ಟು.

ಈಗ ಬೇರೆ ದಾರಿ. ಇಷ್ಟು ಟಿಪ್ಪಣಿ ಮಾಡಿಕೊಳ್ಳಿ: ‘ಶಿವನಸಮುದ್ರ, 1902. ಕೋಲಾರ ಗಣಿ, 147 ಕಿ.ಮೀ. ಗಣಿಗೇ ಮೊದಲು ಯಾಕೆ? ಬೆಂಗಳೂರಿಗೆ ಯಾವಾಗ?’ ಪುಸ್ತಕ ಮುಚ್ಚಿ. ಎದ್ದು ಹೋಗಿ ನೀರು ಕುಡಿದು ಬನ್ನಿ. ಕೊನೆಯ ಪ್ರಶ್ನೆಗೆ ಬೇರೊಂದು ಪುಸ್ತಕದಲ್ಲಿ 1905 ಎಂಬ ಉತ್ತರ ಸಿಕ್ಕಿತು ಎನ್ನೋಣ. ಅದನ್ನೂ ಮುಚ್ಚಿ, ತಂಗಿಗೋ ಅಜ್ಜನಿಗೋ ಬಾಯಲ್ಲಿ ಹೇಳಿ. ಹೇಳಿದ ಹಾಗೇ ಬರೆಯಿರಿ:

“ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಪಕ್ಕದ ಮಳವಳ್ಳಿಗಲ್ಲ, ಬೆಂಗಳೂರಿಗೂ ಅಲ್ಲ. 1902ರಲ್ಲಿ ಅದು ನೇರವಾಗಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನಲ್ಲಿ ವಿದ್ಯುತ್ ದೀಪ ಉರಿಯಲು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಊರಿಗಿಂತ ಮೊದಲು ಗಣಿಗೆ ಬೆಳಕು ಬಂದದ್ದು ನನಗೆ ವಿಚಿತ್ರ ಎನಿಸಿತು.”

ಮಾಹಿತಿ ಅದೇ, ಆದರೆ ಹೇಳುವ ಮನುಷ್ಯ ಬೇರೆ. ಬರೆದಾದ ಮೇಲೆ ಪುಸ್ತಕ ತೆರೆದು ಇಸವಿ, ಅಂಕಿ, ಹೆಸರು ಸರಿಯಿವೆಯೇ ನೋಡಿ. ಹೀಗೆ ಸ್ವಂತ ಮಾತಿನಲ್ಲಿ ಬರೆದರೂ ಮಾಹಿತಿ ಸಿಕ್ಕಿದ ಪುಸ್ತಕದ ಹೆಸರು ಕೊನೆಯಲ್ಲಿ ಇರಲೇಬೇಕು.

ಅನುವಾದವೂ ನಕಲೇ

ಕನ್ನಡ ಮಾಧ್ಯಮದ ಮಕ್ಕಳಿಗೆ ಇದೊಂದು ಪ್ರತ್ಯೇಕ ಬಲೆ. ಇಂಗ್ಲಿಷ್ ಪುಟವನ್ನು ಗೂಗಲ್ ಅನುವಾದಕ್ಕೆ ಹಾಕಿದರೆ ಕನ್ನಡ ಬರುತ್ತದೆ. ಭಾಷೆ ಬದಲಾಯಿತಲ್ಲ, ಇನ್ನೇನು ತಪ್ಪು ಎಂದು ಬಹಳ ಮಂದಿ ನಂಬಿದ್ದಾರೆ. ವಿಚಾರ, ಅದರ ಜೋಡಣೆ, ಉದಾಹರಣೆ ಎಲ್ಲವೂ ಮೂಲ ಲೇಖಕರದ್ದೇ. ‘ಇಂಥವರ ಇಂಗ್ಲಿಷ್ ಲೇಖನದ ಅನುವಾದ’ ಎಂದು ಹೇಳದಿದ್ದರೆ ಅದು ಕಳವು. ಸಾಲದ್ದಕ್ಕೆ ಯಂತ್ರದ ಕನ್ನಡ ಬೇಗ ಸಿಕ್ಕಿಬೀಳುತ್ತದೆ. ‘ಅಣೆಕಟ್ಟು ಅವರ ಮೂಲಕ ವಿನ್ಯಾಸಗೊಳಿಸಲ್ಪಟ್ಟಿತು’ ಎಂದು ಯಾವ ಒಂಬತ್ತನೇ ತರಗತಿಯ ಹುಡುಗಿಯೂ ತಾನಾಗಿ ಬರೆಯುವುದಿಲ್ಲ.

ಕೃತಕ ಬುದ್ಧಿಮತ್ತೆಯನ್ನು ಏನು ಮಾಡುವುದು?

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಗೈಡುಗಳ ಕಾಲವೇ ಹಳೆಯದಾಯಿತು. ಅದು ಕೊಡುವ ಪ್ರಬಂಧ ಯಾವ ಪುಸ್ತಕದಲ್ಲೂ ಅಕ್ಷರಶಃ ಇರುವುದಿಲ್ಲ, ಹಾಗಾಗಿ ಯಾರಿಂದಲೂ ಕದ್ದಿಲ್ಲ ಎಂಬ ವಾದ ಕೇಳಿಬರುತ್ತದೆ. ಯಾರಿಂದ ಕದ್ದಿರಿ ಎಂಬುದಕ್ಕಿಂತ, ನೀವು ಬರೆಯದ್ದನ್ನು ನಿಮ್ಮದೆಂದು ಕೊಟ್ಟಿರಿ ಎಂಬುದು ಮುಖ್ಯ.

ಹಾಗೆಂದು ಮುಟ್ಟಲೇಬೇಡಿ ಎನ್ನುವುದೂ ಈಗ ನಡೆಯುವ ಮಾತಲ್ಲ. ಮೊದಲು ನಿಮ್ಮ ಶಾಲೆಯ ನಿಯಮ ಏನೆಂದು ಶಿಕ್ಷಕರನ್ನೇ ಕೇಳಿ. ಅವರು ಒಪ್ಪಿದರೆ, ಅರ್ಥವಾಗದ ವಿಷಯ ವಿವರಿಸಲು, ನೀವು ಬರೆದದ್ದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಲು ಬಳಸಿ. ಬರೆಸಲು ಬಳಸಬೇಡಿ. ಅದು ಹೇಳಿದ ಇಸವಿ, ಪುಸ್ತಕದ ಹೆಸರು ಯಾವುದನ್ನೂ ಪರೀಕ್ಷಿಸದೆ ನಂಬಬೇಡಿ. ಇಲ್ಲದ ಪುಸ್ತಕವನ್ನು ಲೇಖಕರ ಹೆಸರಿನ ಸಮೇತ ಸೃಷ್ಟಿಸಿ ಕೊಡುವುದರಲ್ಲಿ ಅದು ನಿಸ್ಸೀಮ. ಬಳಸಿದ್ದರೆ, ಯಾವುದಕ್ಕೆ ಬಳಸಿದಿರಿ ಎಂದು ಕೊನೆಯಲ್ಲಿ ಒಂದು ಸಾಲು ಬರೆಯಿರಿ.

ಹೆಸರು ಹೇಳುವ ಬಗೆ

ಬೇರೆಯವರ ಮಾತನ್ನು ಹಾಗೇ ಬಳಸುವುದು ತಪ್ಪಲ್ಲ, ಚಿಹ್ನೆ ಮತ್ತು ಹೆಸರು ಇದ್ದರಾಯಿತು. ಆದರೆ ಎರಡು ಪುಟದ ಪ್ರಬಂಧದಲ್ಲಿ ಒಂದೆರಡು ಉದ್ಧರಣೆಗಿಂತ ಹೆಚ್ಚು ಬೇಡ. ಶಾಲೆಯ ಮಟ್ಟಕ್ಕೆ ಈ ಕ್ರಮ ಸಾಕು: ಲೇಖಕರು, ಕೃತಿ, ಪ್ರಕಾಶಕರು, ವರ್ಷ, ಪುಟ. ಜಾಲತಾಣವಾದರೆ ಲೇಖನದ ಹೆಸರು, ತಾಣದ ಹೆಸರು, ನೀವು ನೋಡಿದ ದಿನಾಂಕ. ಮನೆಯ ಅಜ್ಜಿಯಿಂದ, ಊರಿನ ನೀರುಗಂಟಿಯಿಂದ ಕೇಳಿ ಬರೆದಿದ್ದರೆ ಅವರ ಹೆಸರು, ಊರು, ಮಾತಾಡಿದ ದಿನ. ಇಂಥ ಆಕರಕ್ಕೆ ಮೇಷ್ಟ್ರು ಹೆಚ್ಚು ಅಂಕ ಕೊಡದಿದ್ದರೆ ಅದು ಮೇಷ್ಟ್ರ ತಪ್ಪು.

ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಮೂಲ ಹೇಳಬೇಕೆಂಬ ಷರತ್ತು ಅದರ ಪರವಾನಗಿಯಲ್ಲೇ ಇದೆ. ಅಲ್ಲಿ ಓದುವಾಗ ಪುಟದ ಕೆಳಗಿನ ಉಲ್ಲೇಖಗಳನ್ನೂ ನೋಡಿ. ಉಲ್ಲೇಖವೇ ಇಲ್ಲದ ಸಾಲನ್ನು ಬೇರೆಡೆ ಖಚಿತ ಮಾಡಿಕೊಳ್ಳಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಸರ್ಕಾರದ ‘ಕಣಜ’ ತಾಣವನ್ನೂ ನೋಡಬಹುದು. ಚಿತ್ರಕ್ಕೆ ‘ಕೃಪೆ: ಗೂಗಲ್’ ಎಂದು ಬರೆಯಬೇಡಿ. ಗೂಗಲ್ ಚಿತ್ರ ತೆಗೆಯುವುದಿಲ್ಲ, ಹುಡುಕಿಕೊಡುತ್ತದೆ ಅಷ್ಟೇ. (‘ಚಿತ್ರ: ಅಂತರ್ಜಾಲ’ ಎಂದು ಅಚ್ಚು ಹಾಕುವ ಪತ್ರಿಕೆಗಳೂ ಇದನ್ನು ಓದಿದರೆ ಒಳ್ಳೆಯದು.)

ಗೆಳೆಯರ ವಿಚಾರದಲ್ಲಿ ಗೆರೆ ಸುಲಭ: ಪುಸ್ತಕ ಹಂಚಿಕೊಳ್ಳಿ, ಚರ್ಚಿಸಿ, ಬರೆದ ಹಾಳೆಯನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಕಳಿಸಿದವರೂ ಸಿಕ್ಕಿಬೀಳುತ್ತಾರೆ.

ಕಾಲೇಜು ದಾಟಿ ಸಂಶೋಧನೆಗೆ ಹೋದವರಿಗೆ ಇದು ಬುದ್ಧಿಮಾತಾಗಿ ಉಳಿಯುವುದಿಲ್ಲ. ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ಹೋಲಿಕೆ ಶೇ 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು.

ನಾಳೆಯೇ ಕೊಡಬೇಕಾದರೆ?

ಇಷ್ಟೆಲ್ಲ ಓದುವ ಹೊತ್ತಿಗೆ ರಾತ್ರಿ ಒಂಬತ್ತಾಗಿದೆ, ಪ್ರಾಜೆಕ್ಟು ನಾಳೆ ಬೆಳಿಗ್ಗೆಗೆ, ಎಂಟು ಪುಟ ಆಗಲೇ ಇಳಿಸಿಬಿಟ್ಟಿದ್ದೀರಿ ಎಂದರೆ, ಹರಿದು ಬಿಸಾಡಬೇಡಿ. ಅದರಲ್ಲಿ ನಿಮಗೆ ನಿಜವಾಗಿ ಅರ್ಥವಾದ ಎರಡು ಪುಟದಷ್ಟು ವಿಷಯ ಆರಿಸಿ, ಎಂಟು ಪುಟ ಮುಚ್ಚಿಟ್ಟು ಹೊಸದಾಗಿ ಬರೆಯಿರಿ. ಬಿಡಲಾಗದ ವಾಕ್ಯವಿದ್ದರೆ ಉದ್ಧರಣ ಚಿಹ್ನೆ ಹಾಕಿ. ಎಲ್ಲಿಂದ ತೆಗೆದಿರೋ ಆ ಪುಸ್ತಕ, ಆ ತಾಣದ ಹೆಸರನ್ನು ಕೊನೆಯಲ್ಲಿ ಬರೆಯಿರಿ. ಪುಟ ಕಡಿಮೆಯಾದದ್ದಕ್ಕೆ ಒಂದೆರಡು ಅಂಕ ಹೋದೀತು. ಅಮ್ಮನನ್ನೋ ಅಣ್ಣನನ್ನೋ ಕೂರಿಸಿ, ಬರೆದದ್ದರಲ್ಲಿ ಮೂರು ಪ್ರಶ್ನೆ ಕೇಳಲು ಹೇಳಿ. ಹಾಳೆ ನೋಡದೆ ಉತ್ತರ ಬಂದರೆ ಕೆಲಸ ಮುಗಿಯಿತು. ಇನ್ನೂ ಹೊತ್ತು ಉಳಿದಿದ್ದರೆ ಹೊದಿಕೆಗೆ ಬಣ್ಣ ಹಚ್ಚಬಹುದು.