ಎರೆಭೂಮಿಯಲ್ಲಿ ಬೆಳೆದ ಹೂಗಿಡಗಳ ಸ್ಥಳಾಂತರ ಮತ್ತು ಪಾಲನೆ

ಆಳಂದ ತಾಲೂಕಿನ ಮಾದನಹಿಪ್ಪರಗಾ ಸುತ್ತಲಿನ ಹಳ್ಳಿಗಳಲ್ಲಿ ದುಂಡು ಮಲ್ಲಿಗೆ, ದಾಸವಾಳ, ಕಣಗಿಲೆ, ಗುಲಾಬಿ ಇವುಗಳಲ್ಲಿ ಒಂದಾದರೂ ಇಲ್ಲದ ಹಿತ್ತಲು ವಿರಳ. ಇವು ಗಟ್ಟಿ ಕಾಂಡದ, ಹಲವು ವರುಷ ಬಾಳುವ, ದಿನಕ್ಕೆ ಕನಿಷ್ಠ ೬ ತಾಸು ನೇರ ಬಿಸಿಲು ಬೇಡುವ ಗಿಡಗಳು. ಹಳೆಯ ಮಣ್ಣಿನ ಮನೆ ಕೆಡವಿ ಹೊಸದು ಕಟ್ಟುವಾಗ ಮೊದಲು ಬಲಿಯಾಗುವುದೂ ಇವೇ. “ಸಾಹೇಬ್ರ, ಈ ಮಲ್ಲಿಗಿ ನಮ್ಮತ್ತಿ ಹಚ್ಚಿದ್ದರಿ. ಕಿತ್ತು ಹಚ್ಚಿದರ ಬದುಕ್ತದೇನ್ರಿ?” ಎಂದು ಒಬ್ಬ ತಾಯಿ ಕೇಳಿದರು. ಬದುಕುತ್ತದೆ. ಆದರೆ ಪಾಯ ತೋಡುವ ದಿನ ಬೆಳಿಗ್ಗೆ ಗುದ್ದಲಿ ಹಿಡಿದರೆ ಬದುಕುವುದಿಲ್ಲ.

ಗಿಡವು ನೀರು ಹೀರುವುದು ದಪ್ಪ ಬೇರಿನಿಂದಲ್ಲ, ಅದರ ತುದಿಯ ಕೂದಲಿನಂಥ ಎಳೆಬೇರುಗಳಿಂದ. ಹಳೆಯ ಗಿಡದಲ್ಲಿ ಈ ಎಳೆಬೇರುಗಳು ಬುಡದಿಂದ ಬಹು ದೂರ ಹೋಗಿರುತ್ತವೆ. ನಾವು ಅಗೆದು ತರುವ ಗಡ್ಡೆಯಲ್ಲಿ ಅವು ಬರುವುದೇ ಇಲ್ಲ. ಆದುದರಿಂದ ಕೀಳುವ ಮೊದಲೇ ಅವನ್ನು ಬುಡದ ಸಮೀಪ ಬರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಸ್ಥಳ ಬದಲಿಸುವುದಿದ್ದರೆ ಜನವರಿಯಲ್ಲಿ ಗಿಡದ ಒಂದು ಅರ್ಧಕ್ಕೆ, ಫೆಬ್ರವರಿ ಕೊನೆಗೆ ಇನ್ನೊಂದು ಅರ್ಧಕ್ಕೆ, ಒಂದೂವರೆ ಅಡಿ ಆಳದ ಕಿರಿದಾದ ಕಾಲುವೆ ತೋಡಿ ಬೇರುಗಳನ್ನು ಹರಿತವಾದ ಆಯುಧದಿಂದ ಕತ್ತರಿಸಬೇಕು. ಕಾಲುವೆಗೆ ಕಳಿತ ತಿಪ್ಪೆಗೊಬ್ಬರ ಬೆರೆಸಿದ ಸಡಿಲ ಮಣ್ಣು ತುಂಬಿ ತಪ್ಪದೆ ನೀರು ಕೊಡಬೇಕು. ಆ ಬೇಸಿಗೆಯಲ್ಲಿ ಹೂವಿನ ಆಸೆ ಬಿಡಬೇಕಾಗುತ್ತದೆ. ಕಾಲುವೆಯು ಬುಡದಿಂದ ಎಷ್ಟು ದೂರವಿರಬೇಕು? ಗಡ್ಡೆಯ ಅಗಲವು ಕಾಂಡದ ದಪ್ಪದ ಹತ್ತು ಹನ್ನೆರಡು ಪಟ್ಟು ಇರುವಂತೆ ಲೆಕ್ಕ ಹಾಕಿದರೆ ಸಾಕು. ೨ ಅಂಗುಲ ದಪ್ಪದ ಕಾಂಡಕ್ಕೆ ಸುಮಾರು ೨ ಅಡಿ ಅಗಲದ ಗಡ್ಡೆ.

ಇಷ್ಟು ಮಾಡಿಯೂ ಮನಸ್ಸಿಗೆ ಧೈರ್ಯ ಬಾರದಿದ್ದರೆ, ಹಿಂದಿನ ಮಳೆಗಾಲದಲ್ಲಿಯೇ ಮಲ್ಲಿಗೆಯ ಒಂದು ಉದ್ದ ಟೊಂಗೆಯನ್ನು ಬಾಗಿಸಿ ನಡುಭಾಗವನ್ನು ಮಣ್ಣಲ್ಲಿ ಹೂತು, ಮೇಲೆ ಕಲ್ಲು ಹೇರಿಡಿರಿ. ಮೂರು ನಾಲ್ಕು ತಿಂಗಳಲ್ಲಿ ಬೇರು ಬಿಡುತ್ತದೆ. ತಾಯಿಗಿಡ ಹೋದರೂ ಮಗಳು ಉಳಿಯುತ್ತದೆ. ದಾಸವಾಳ, ಕಣಗಿಲೆಗಳಿಗೆ ಪೆನ್ಸಿಲಿನ ದಪ್ಪದ, ಗೇಣುದ್ದದ ಕಡ್ಡಿ ನೆಟ್ಟರೂ ಆದೀತು.

ಸ್ಥಳಾಂತರಕ್ಕೆ ಮೃಗಶಿರಾ ಮಳೆಯ ಕೊನೆಯಿಂದ ಪುನರ್ವಸುವಿನವರೆಗಿನ ಕಾಲ ಉತ್ತಮ. ಕಲಬುರಗಿ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಗಿಡ ಹೊಸ ಬೇರು ಬಿಟ್ಟಿರಬೇಕು. ಎರೆಮಣ್ಣು ಒಣಗಿದ್ದಾಗ ಅಗೆದರೆ ಹೆಂಟೆ ಹೆಂಟೆಯಾಗಿ ಒಡೆದು ಬೇರು ಬತ್ತಲಾಗುತ್ತದೆ, ಹಸಿ ಹೆಚ್ಚಾದರೆ ಗಡ್ಡೆ ಕೆಸರಾಗಿ ಜಾರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಕೈಗೆ ಅಂಟದಿರುವ ಹದ ನೋಡಿ ಸಂಜೆ ಅಗೆಯಬೇಕು. ಟೊಂಗೆಗಳನ್ನು ಮೂರನೆಯ ಒಂದು ಭಾಗ ಸವರಿ, ಮಣ್ಣಿನ ಮಟ್ಟಕ್ಕೆ ಕಾಂಡದ ಮೇಲೆ ಸುಣ್ಣದ ಗುರುತು ಮಾಡಿ, ಹಳೆಯ ಕಾಲುವೆಯ ಹೊರಗಿನಿಂದ ಅಗೆಯಿರಿ. ಗಡ್ಡೆಗೆ ಗೋಣಿತಟ್ಟು ಸುತ್ತಿ ಬಿಗಿಯಾಗಿ ಕಟ್ಟಿ ಇಬ್ಬರು ಎತ್ತಬೇಕು. ಕಾಂಡ ಹಿಡಿದು ಎಳೆಯಬಾರದು. ಸೆಣಬಿನ ತಟ್ಟು ಮಣ್ಣಲ್ಲಿ ಕಳಿಯುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲ ಕಳಿಯದು, ಅದನ್ನು ಬಿಚ್ಚಲೇಬೇಕು.

ತಗ್ಗಿನ ವಿಷಯದಲ್ಲಿ ಒಂದು ತಪ್ಪು ನಮ್ಮ ಭಾಗದಲ್ಲಿ ಮೇಲಿಂದ ಮೇಲೆ ಕಾಣುತ್ತದೆ. ಎರೆಯಲ್ಲಿ ತಗ್ಗು ತೋಡಿ, ದೂರದಿಂದ ಕೆಂಪು ಮಣ್ಣು, ಉಸುಕು ತಂದು ತುಂಬುತ್ತಾರೆ. ಸುತ್ತಲಿನ ಜಿಗುಟು ಮಣ್ಣಿನಲ್ಲಿ ನೀರು ಇಂಗುವುದಿಲ್ಲ. ಸಡಿಲ ಮಣ್ಣಿನ ತಗ್ಗಿಗೆ ಎಲ್ಲ ಕಡೆಯಿಂದ ಬಂದು ಸೇರುತ್ತದೆ. ಹಸ್ತದ ಮಳೆಯ ಹೊತ್ತಿಗೆ ಅದು ಬಾನಿಯಾಗಿ ಬೇರು ಕೊಳೆಯುತ್ತದೆ. ಬದಲಾಗಿ, ತೋಡಿದ ಮಣ್ಣಿಗೇ ನಾಲ್ಕರಲ್ಲಿ ಒಂದು ಪಾಲು ತಿಪ್ಪೆಗೊಬ್ಬರ ಬೆರೆಸಿ, ಗಡ್ಡೆಯು ನೆಲಮಟ್ಟಕ್ಕಿಂತ ಅರ್ಧ ಅಡಿ ಮೇಲಿರುವಂತೆ ನೆಟ್ಟು ಸುತ್ತ ದಿಬ್ಬ ಕಟ್ಟಿರಿ. ಸುಣ್ಣದ ಗುರುತಿನ ಮೇಲೆ ಮಣ್ಣು ಏರಬಾರದು.

ನೆಟ್ಟ ಕೂಡಲೆ ಎರಡು ಕೊಡ ನೀರು ನಿಧಾನವಾಗಿ ಹಾಕಿ. ಪಡುವಣ ಬಿಸಿಲಿಗೆ ಮೂರು ವಾರ ತೊಗರಿಕಟ್ಟಿಗೆಯ ತಟ್ಟಿ ಅಡ್ಡ ನಿಲ್ಲಿಸಿ, ಮುಂದೆ ತೆಗೆಯಿರಿ. ಎಲೆ ಉದುರಿದರೆ ಗಾಬರಿ ಬೇಡ. ಉಗುರಿನಿಂದ ತೊಗಟೆ ಕೆರೆದಾಗ ಹಸಿರು ಕಂಡರೆ ಜೀವವಿದೆ. ಮೇಲಿನ ತಾಯಿಯ ಮನೆಯಲ್ಲಿ ಮೂರು ಗಿಡ ಬದಲಿಸಿದೆವು. ಮಲ್ಲಿಗೆ ಪೂರ್ತಿ ಬೋಳಾಗಿ ಶ್ರಾವಣದಲ್ಲಿ ಚಿಗುರಿತು. ದಾಸವಾಳ ಬಾಡಲೇ ಇಲ್ಲ. ಗುಲಾಬಿ ಮಾತ್ರ ಸತ್ತಿತು. ಎತ್ತುವಾಗ ನನ್ನ ಕೈಯಲ್ಲೇ ಗಡ್ಡೆ ಒಡೆದಿತ್ತು.

ಮೊದಲ ಬೇಸಿಗೆಯೇ ನಿಜವಾದ ಪರೀಕ್ಷೆ. ಮಾರ್ಚಿನಿಂದ ಎರೆಭೂಮಿ ಬಿರಿಯುತ್ತದೆ. ಬಿರುಕು ಎಳೆಬೇರುಗಳನ್ನು ಹರಿದು, ಒಳಗೆ ಬಿಸಿಗಾಳಿ ಬಿಡುತ್ತದೆ. ವಾರಕ್ಕೊಮ್ಮೆ ಮೇಲ್ಮಣ್ಣು ಕೆದರಿ ಬಿರುಕು ಮುಚ್ಚಿ, ಜೋಳದ ಕೂಳೆ ಅಥವಾ ಒಣಎಲೆಯನ್ನು ೩ ಅಂಗುಲ ದಪ್ಪ ಹಾಸಿರಿ. ತೊಗರಿ ಹೊಟ್ಟು ದನಗಳಿಗೇ ಇರಲಿ. ಹಾಸು ಕಾಂಡಕ್ಕೆ ತಾಗದಿರಲಿ.

ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶವಿರುವ ಎರೆಯಲ್ಲಿ, ಅದರಲ್ಲೂ ನೀರು ನಿಂತಾಗ, ಇದು ಸಾಮಾನ್ಯ. ಒಂದು ಲೀಟರ್ ನೀರಿಗೆ ೫ ಗ್ರಾಂ ಅನ್ನಭೇದಿ, ಕೊಂಚ ಲಿಂಬೆರಸ ಬೆರೆಸಿ ೧೦ ದಿನಕ್ಕೊಮ್ಮೆ ಎರಡು ಮೂರು ಸಲ ಸಂಜೆ ಸಿಂಪಡಿಸಿ. ದಾಸವಾಳದ ಹಿಟ್ಟುತಿಗಣೆಗೆ ಆ ಟೊಂಗೆಯನ್ನೇ ಕತ್ತರಿಸಿ ಸುಡುವುದು ಲೇಸು.

ಕಣಗಿಲೆಯನ್ನು ಸವರಿದಾಗ ಮಾತ್ರ ಎಚ್ಚರ ಬೇಕು. ಅದರ ಎಲೆ, ತೊಗಟೆ, ಹೂ ಎಲ್ಲವೂ ವಿಷ. ಒಣಗಿದರೂ ವಿಷ ಹೋಗುವುದಿಲ್ಲ. ಕಡಿದ ಟೊಂಗೆಯನ್ನು ದನ ತಿರುಗುವಲ್ಲಿ ಎಸೆಯಬಾರದು, ಒಲೆಗೆ ಹಾಕಬಾರದು, ಆಳವಾಗಿ ಹೂಳಬೇಕು. ದನದ ಕೊಟ್ಟಿಗೆಯ ಪಕ್ಕದಲ್ಲಿ ಕಣಗಿಲೆ ಇದ್ದವರು ಸ್ಥಳಾಂತರವನ್ನು ಅದರಿಂದಲೇ ಮೊದಲು ಮಾಡುವುದು ಒಳ್ಳೆಯದು.