ಹೊಸಬರ ಬರಹವನ್ನು ತಿದ್ದುವ ಬಗೆ

ವಿಕಿಪೀಡಿಯ ತರಬೇತಿಗೆ ಬಂದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಮುಂದೆಯೂ ಬರೆಯುತ್ತಾರೆ ಎಂಬುದು ಅವರ ಮೊದಲ ಲೇಖನಕ್ಕೆ ಬರುವ ಪ್ರತಿಕ್ರಿಯೆಯ ಮೇಲೆ ನಿಂತಿದೆ. ಮೂಡುಬಿದಿರೆಯ ಆಳ್ವಾಸ್ ಕಾಲೇಜು, ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್‌ಡಿಎಂ ಕಾಲೇಜುಗಳಂಥ ಕಡೆಗಳ ವಿದ್ಯಾರ್ಥಿಗಳು 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೂ 2016ರಲ್ಲಿ ಸ್ವತಂತ್ರವಾಗಿ ಹೊರಬಂದ ತುಳು ವಿಕಿಪೀಡಿಯಕ್ಕೂ ಬರೆದಿದ್ದಾರೆ. ಇಂಥ ಹೊಸಬರ ಬರಹಗಳನ್ನು ನೋಡುತ್ತ ಬಂದ ನನಗೆ ಮನವರಿಕೆಯಾದದ್ದು ಇಷ್ಟೇ: ಒಳ್ಳೆಯ ಪ್ರತಿಕ್ರಿಯೆ ಇಂಥದೇ ವಾಕ್ಯ ಎಂದು ತೋರಿಸುತ್ತದೆ, ಮುಂದೆ ಮಾಡಬೇಕಾದ ಒಂದು ಕೆಲಸವನ್ನು ಹೇಳುತ್ತದೆ.

ಒಂದು ಮಾದರಿ ನೋಡೋಣ. ‘ವೇಣೂರಿನ ಬಾಹುಬಲಿ ಮೂರ್ತಿ ಬಹಳ ಪುರಾತನವಾದದ್ದು, ಭವ್ಯವಾದದ್ದು, ಎಲ್ಲರೂ ಒಮ್ಮೆ ನೋಡಲೇಬೇಕು’ ಎಂದು ವಿದ್ಯಾರ್ಥಿ ಬರೆದರೆ ‘ವಿಶ್ವಕೋಶದ ಶೈಲಿಯಲ್ಲಿಲ್ಲ’ ಎಂಬ ಟೆಂಪ್ಲೇಟು ಅಂಟಿಸುವುದು ಸುಲಭ. ಆದರೆ ಆ ಶೈಲಿ ಹೇಗಿರುತ್ತದೆಂದು ಗೊತ್ತಿಲ್ಲದ್ದರಿಂದಲೇ ತಾನೇ ಹಾಗೆ ಬರೆದದ್ದು? ಅದರ ಬದಲು ಚರ್ಚೆ ಪುಟದಲ್ಲಿ ಹೀಗೆ ಕೇಳಬಹುದು: ‘ಪುರಾತನ ಎಂದರೆ ಯಾವ ಇಸವಿ? ಭವ್ಯ ಎಂದರೆ ಎಷ್ಟು ಅಡಿ? ಯಾವ ಪುಸ್ತಕದಲ್ಲಿದೆ?’ ಉತ್ತರ ಹುಡುಕಿದಾಗ ಮೂರ್ತಿ 35 ಅಡಿ ಎತ್ತರದ್ದು, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು ಎಂಬ ವಾಕ್ಯ ತಾನಾಗಿ ಹುಟ್ಟುತ್ತದೆ. ‘ನೋಡಲೇಬೇಕು’ ಎಂಬ ಮಾತು ಬೇಡವೆಂದು ಆಗ ಯಾರೂ ಹೇಳಬೇಕಾಗಿಲ್ಲ. ತಟಸ್ಥ ದೃಷ್ಟಿಕೋನ, ಪರಿಶೀಲನಾರ್ಹತೆ ಎಂಬ ನಿಯಮಗಳು ಆ ಒಂದು ವಾಕ್ಯದಲ್ಲೇ ಅರ್ಥವಾಗುತ್ತವೆ.

ಹೀಗೆ ಮೃದುವಾದರೆ ಗುಣಮಟ್ಟ ಕೆಡುತ್ತದೆ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾಗದು. ಪತ್ರಿಕೆಯ ಜಾಲತಾಣದಿಂದ ಹಾಗೇ ನಕಲಿಸಿದ ಪಠ್ಯವನ್ನು ಕೂಡಲೇ ತೆಗೆಯಲೇಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ತೆಗೆದವರು ‘ಸಂಗತಿಗಳು ಯಾರ ಸ್ವತ್ತೂ ಅಲ್ಲ, ಬರೆದ ವಾಕ್ಯಗಳಿಗೆ ಹಕ್ಕುಸ್ವಾಮ್ಯವಿದೆ, ಓದಿ ನಿಮ್ಮ ಮಾತಿನಲ್ಲಿ ಬರೆಯಿರಿ, ಮೂಲವನ್ನು ಉಲ್ಲೇಖಿಸಿ’ ಎಂದು ಬರೆದರೆ ಆ ವಿದ್ಯಾರ್ಥಿ ಮತ್ತೆ ಬರೆಯುವ ಸಾಧ್ಯತೆ ಉಳಿಯುತ್ತದೆ. ತನ್ನೂರಿನ ದೈವಸ್ಥಾನದ ಬಗ್ಗೆ ಅಜ್ಜಿ ಹೇಳಿದ್ದನ್ನು ಬರೆದವರದು ಇನ್ನೂ ಸೂಕ್ಷ್ಮ ಸಂಗತಿ. ಪ್ರಕಟಿತ ಆಧಾರವಿಲ್ಲದೆ ಅದು ಲೇಖನದಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ದೈವಸ್ಥಾನದ ಫೋಟೋ ವಿಕಿಮೀಡಿಯದ ಚಿತ್ರಸಂಗ್ರಹವಾದ ಕಾಮನ್ಸ್‌ಗೆ ಸೇರಬಹುದು; ಆಧಾರ ಹುಡುಕಲು ಬಂಟ್ವಾಳದ ಬಿ.ಸಿ. ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಗ್ರಂಥಾಲಯವಿದೆ. ಬೇಡವೆನ್ನುವಾಗ ಇಂಥ ದಾರಿಯನ್ನೂ ತೋರಿಸಿದರೆ ನಿಯಮವೂ ಉಳಿಯುತ್ತದೆ, ಬರೆಯುವವರೂ ಉಳಿಯುತ್ತಾರೆ.

ಇನ್ನೊಂದು ಆಕ್ಷೇಪ ಸಮಯದ್ದು. ಕೆಲವೇ ಮಂದಿ ಸ್ವಯಂಸೇವಕರು, ಒಮ್ಮೆಲೇ ಹತ್ತಾರು ವಿದ್ಯಾರ್ಥಿಗಳು, ಅದರಲ್ಲೂ ಅನೇಕರು ಅಂಕಕ್ಕಾಗಿ ಬರೆಯುವವರು. ಪ್ರತಿಯೊಬ್ಬರಿಗೂ ಕೂತು ವಿವರಿಸುವುದು ಹೇಗೆ? ಹಾಗಾಗಿಯೇ ಎಲ್ಲ ತಪ್ಪನ್ನೂ ಒಮ್ಮೆಗೇ ಹೇಳಬಾರದು ಎನ್ನುತ್ತೇನೆ. ಇಂದು ಉಲ್ಲೇಖ, ಮುಂದಿನ ವಾರ ವರ್ಗ, ಆಮೇಲೆ ಕೊಂಡಿ. ಕಾಲೇಜಿನವರು ಮೊದಲು ಪ್ರಯೋಗಪುಟದಲ್ಲಿ ಬರೆಸಿ, ಅಧ್ಯಾಪಕರು ಓದಿದ ಮೇಲಷ್ಟೇ ಲೇಖನವಾಗಿಸಿದರೆ ಸ್ವಯಂಸೇವಕರ ಹೊರೆ ಅರ್ಧ ಇಳಿಯುತ್ತದೆ. ಅಂಕ ಕೊಡುವಾಗಲೂ ಎಷ್ಟು ಬೈಟ್ ಸೇರಿಸಿದರು ಎಂಬುದಕ್ಕಿಂತ ಸಲಹೆ ಬಂದ ಮೇಲೆ ಏನು ತಿದ್ದಿದರು ಎಂಬುದನ್ನು ನೋಡಬೇಕು. ಪುಟದ ಇತಿಹಾಸದಲ್ಲಿ ಅದೆಲ್ಲ ದಾಖಲಾಗಿರುತ್ತದೆ.

ಸಮಯ ಉಳಿಸಲು ಹೋಗಿ ಹೊಸಬರನ್ನು ಕಳೆದುಕೊಂಡ ಉದಾಹರಣೆ ಕಣ್ಣೆದುರಿಗಿದೆ. 2007ರ ನಂತರ ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರು ಕಡಿಮೆಯಾಗುತ್ತ ಹೋದರು. ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಕೊಟ್ಟ ಮುಖ್ಯ ಕಾರಣ, ಸದುದ್ದೇಶದಿಂದ ಬರೆದ ಹೊಸಬರ ಬರಹವೂ ಹೆಚ್ಚುಹೆಚ್ಚಾಗಿ ರದ್ದಾಗುತ್ತ ಬಂದದ್ದು. ಅಷ್ಟು ದೊಡ್ಡ ಸಮುದಾಯಕ್ಕೇ ಅದು ಪೆಟ್ಟಾಗಿದ್ದರೆ ಕನ್ನಡ, ತುಳುವಿನಂಥ ಸಣ್ಣ ಸಮುದಾಯಗಳಿಗೆ ಒಬ್ಬ ಸಂಪಾದಕರನ್ನು ಕಳೆದುಕೊಳ್ಳುವುದೂ ದುಬಾರಿಯೇ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳ ಊರು, ಬಸದಿ, ಹೊಳೆ, ಆಚರಣೆಗಳನ್ನು ಬಲ್ಲವರು ಇಲ್ಲಿನ ತರಗತಿಗಳಲ್ಲೇ ಇದ್ದಾರೆ. ಅವರ ಮೊದಲ ಬರಹಕ್ಕೆ ಎರಡು ಸಾಲಿನ ಸ್ಪಷ್ಟ ಸಲಹೆ ಬರೆಯುವುದನ್ನು ವಿಶ್ವಕೋಶ ಕಟ್ಟುವ ಕೆಲಸದ ಭಾಗವೆಂದೇ ಅನುಭವಿ ಸಂಪಾದಕರು ಎಣಿಸಬೇಕು.