ತೊಗರಿಯ ಹೊಲವೂ ಪರದೇಶದ ಹಣವೂ

ಈಚಿನ ವರ್ಷಗಳಲ್ಲಿ ವೃತ್ತಪತ್ರಿಕೆಗಳನ್ನು ಓದುವವರಿಗೆ ಒಂದು ಮಾತು ಪದೇ ಪದೇ ಎದುರಾಗುತ್ತದೆ. ಹಸಿವು, ಬರ, ರೋಗ, ಹವೆಯ ಏರುಪೇರು ಮೊದಲಾದ ಜಗದ್ವ್ಯಾಪಿ ಸಂಕಟಗಳನ್ನು ಎದುರಿಸಲು ‘ಪಲ್ಲಟಕಾರಿ ತಂತ್ರಜ್ಞಾನ’ದ ಸಂಶೋಧನೆಗೆ ಅಂತರರಾಷ್ಟ್ರೀಯ ಧನಸಹಾಯ ದೊರೆಯುತ್ತಿದೆ ಎಂಬುದೇ ಆ ಮಾತು. ಮೇಲ್ತರಗತಿಯ ವಿದ್ಯಾರ್ಥಿಗಳು ಇದರ ಅರ್ಥವೇನೆಂದು ಕೇಳಿದರೆ ನಾವು ಉದಾಹರಣೆಗಾಗಿ ದೂರ ದೇಶಗಳಿಗೆ ಹೋಗಬೇಕಾದುದಿಲ್ಲ. ನಮ್ಮ ಕಂಗ್ಟಿ ಯಾವ ಸಂಗಾರೆಡ್ಡಿ ಜಿಲ್ಲೆಗೆ ಸೇರಿದೆಯೋ ಅದೇ ಜಿಲ್ಲೆಯ ಪಟಾನ್‌ಚೆರುವಿನಲ್ಲಿ, ಅರ್ಧ ಶತಮಾನಕ್ಕೂ ಮೇಲ್ಪಟ್ಟು ಇಂಥ ಹಣದಿಂದಲೇ ನಡೆದುಬಂದ ಸಂಸ್ಥೆಯೊಂದು ಇದೆ. ಅದು ಶೋಧಿಸುವ ಪೈರುಗಳಲ್ಲಿ ಒಂದು ನಮ್ಮ ಹೊಲಗಳ ತೊಗರಿ.

ಮೊದಲು ಶಬ್ದದ ವಿಚಾರ. ಈ ಪದವನ್ನು ೧೯೯೫ರಲ್ಲಿ ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದ ಜೋಸೆಫ್ ಬೋವರ್ ಮತ್ತು ಕ್ಲೇಟನ್ ಕ್ರಿಸ್ಟೆನ್ಸನ್ ಎಂಬ ಪಂಡಿತರು ವ್ಯಾಪಾರಶಾಸ್ತ್ರದಲ್ಲಿ ಪ್ರಚಾರಕ್ಕೆ ತಂದರು. ಮೊದಮೊದಲು ಅಗ್ಗದ್ದೂ ಅಲ್ಪವೂ ಎನಿಸಿ, ದೊಡ್ಡವರ ಅಲಕ್ಷ್ಯಕ್ಕೆ ಗುರಿಯಾಗಿ, ಕಾಲಕ್ರಮದಲ್ಲಿ ಹಳೆಯ ವ್ಯವಸ್ಥೆಯನ್ನೇ ಸ್ಥಾನಪಲ್ಲಟ ಮಾಡುವಂಥ ಉಪಾಯಕ್ಕೆ ಅವರು ಈ ಹೆಸರಿಟ್ಟರು. ಈಗಲಾದರೋ ಹೊಸದಾದ ಯಾವ ಯಂತ್ರಕ್ಕಾದರೂ ಈ ಬಿರುದು ಸಲ್ಲುತ್ತಿದೆ. ಇದು ಶಬ್ದದ ದುರುಪಯೋಗವೆಂದೇ ನಮ್ಮ ಅಭಿಪ್ರಾಯ. ಈ ಲೇಖನದಲ್ಲಿ ಮೂಲಾರ್ಥವನ್ನೇ ಹಿಡಿಯುವೆವು.

೧೯೬೦ರ ದಶಕದಲ್ಲಿ ಗೋಧಿ ಮತ್ತು ಭತ್ತದ ಹೊಸ ತಳಿಗಳು ನೀರಾವರಿ ಪ್ರದೇಶಗಳಲ್ಲಿ ಸಮೃದ್ಧಿಯನ್ನು ತಂದವು. ಆಕಾಶವನ್ನು ನೋಡಿ ಬಿತ್ತುವ ನಮ್ಮಂಥ ಸೀಮೆಗಳಿಗೆ ಅದರಿಂದ ಆದ ಲಾಭ ಅತ್ಯಲ್ಪ. ಫೋರ್ಡ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳು, ವಿಶ್ವಬ್ಯಾಂಕು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಹಲವು ದೇಶಗಳ ಸರಕಾರಗಳು ೧೯೭೧ರಲ್ಲಿ ಒಂದು ದಾನಿಗಳ ಕೂಟವನ್ನು ಕಟ್ಟಿದವು. ಸಿ.ಜಿ.ಐ.ಎ.ಆರ್. ಎಂಬುದು ಅದರ ಸಂಕ್ಷಿಪ್ತನಾಮ. ಈ ಕೂಟವು ತಾನಾಗಿ ಸ್ಥಾಪಿಸಿದ ಮೊದಲ ಸಂಸ್ಥೆಯೇ ೧೯೭೨ರಲ್ಲಿ ಪಟಾನ್‌ಚೆರುವಿನಲ್ಲಿ ಹುಟ್ಟಿದ ‘ಇಕ್ರಿಸ್ಯಾಟ್’, ಅಂದರೆ ಅರೆಶುಷ್ಕ ಉಷ್ಣವಲಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಜೋಳ, ಸಜ್ಜೆ, ಕಡಲೆ, ತೊಗರಿ ಈ ನಾಲ್ಕು ಅದರ ಪಾಲಿಗೆ ಬಂದವು. ೧೯೭೬ರಲ್ಲಿ ಶೇಂಗಾ ಸೇರಿತು. ಶ್ರೀಮಂತ ದೇಶಗಳ ಪಂಡಿತರು ಅದುವರೆಗೆ ಅಷ್ಟಾಗಿ ಕಣ್ಣೆತ್ತಿ ನೋಡದ ಬಡವರ ಧಾನ್ಯಗಳಿವು.

ಪ್ರಸಂಗವಶಾತ್ ಒಂದು ಮಾತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ ಭಾಗಗಳೂ ಕಲಬುರ್ಗಿ ಜಿಲ್ಲೆಯ ತಾಂಡೂರು ತಾಲ್ಲೂಕೂ ಆಂಧ್ರಪ್ರದೇಶಕ್ಕೆ ಹೋದವು. ಕಚೇರಿಯ ಭಾಷೆ ಬದಲಾಯಿತು. ತೊಗರಿಯ ಸೀಮೆ ಮಾತ್ರ ಕಲಬುರ್ಗಿಯಿಂದ ತಾಂಡೂರಿನವರೆಗೆ, ಬೀದರದಿಂದ ನಾರಾಯಣಖೇಡದವರೆಗೆ ಒಂದೇ ಆಗಿ ಉಳಿಯಿತು. ಆದಕಾರಣ ಕರ್ನಾಟಕಕ್ಕೆಂದು ಬಿಡುಗಡೆಯಾದ ತಳಿಯ ಕಥೆಯು ನಮಗೂ ಸಂಬಂಧಿಸಿದ್ದೇ ಆಗಿದೆ.

ತೊಗರಿಯ ಮಹಾಶತ್ರು ನೆಟೆರೋಗ. ಚೆನ್ನಾಗಿ ಬೆಳೆದ ಗಿಡವು ಹೂವು ಕಾಯಿ ಕಟ್ಟುವ ಹೊತ್ತಿಗೆ, ನೆಲದಲ್ಲಿ ತೇವವಿದ್ದರೂ, ನೀರು ಕಾಣದಂತೆ ಬಾಡಿ ಒಣಗುವುದು. ಕಾಂಡವನ್ನು ಸೀಳಿ ನೋಡಿದರೆ ಒಳಗಿನ ನೀರ್ನಾಳಗಳು ಕಂದುಬಣ್ಣಕ್ಕೆ ತಿರುಗಿರುತ್ತವೆ. ಮಣ್ಣಿನಲ್ಲಿ ವಾಸಿಸುವ ಬೂಷ್ಟೊಂದು ಬೇರಿನ ಮೂಲಕ ಹೊಕ್ಕು ಈ ನಾಳಗಳನ್ನು ಮುಚ್ಚುವುದೇ ಇದಕ್ಕೆ ಕಾರಣ. ಈ ರೋಗವನ್ನು ೧೯೦೬ರಲ್ಲಿ ಬಟ್ಲರ್ ಎಂಬ ವಿಜ್ಞಾನಿಯು ಬಿಹಾರದಿಂದ ಮೊದಲು ವರದಿ ಮಾಡಿದನು. ಬೂಷ್ಟು ನೆಲದಲ್ಲಿ ಉಳಿದ ಕೊಳೆಗಳಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ ಔಷಧಿ ಸಿಂಪಡಿಸಿ ಇದನ್ನು ಅಳಿಸುವುದು ಸಾಧ್ಯವಿಲ್ಲ. ಬದುಕಿಕೊಳ್ಳುವ ತಳಿಯನ್ನು ಹುಡುಕುವುದೇ ದಾರಿ.

ಹುಡುಕುವುದು ಹೇಗೆ? ಪಟಾನ್‌ಚೆರುವಿನಲ್ಲಿ ವೈ. ಎಲ್. ನೆನೆ ಮತ್ತು ಅವರ ಸಂಗಡಿಗರು ಹಿಡಿದ ಉಪಾಯ ಸರಳವಾದುದು. ರೈತನು ರೋಗವನ್ನು ಹೊಲದಿಂದ ಹೊರಗೆ ಹಾಕಲು ಹೆಣಗಿದರೆ ಇವರು ಅದನ್ನು ಬೇಕೆಂದೇ ಸಾಕಿದರು. ನೆಟೆ ಹೊಡೆದ ಗಿಡಗಳನ್ನು ಕೊಚ್ಚಿ ಮಣ್ಣಿನಲ್ಲಿ ಬೆರೆಸಿ, ರೋಗವು ಎಲ್ಲೆಡೆ ಸಮವಾಗಿ ಹರಡಿದ ‘ರೋಗದ ಹೊಲ’ವನ್ನು ಸಿದ್ಧಪಡಿಸಿ, ಅದರಲ್ಲಿ ನಾನಾ ಪ್ರಾಂತಗಳ ತಳಿಗಳನ್ನು ಸಾಲುಸಾಲಾಗಿ ಬಿತ್ತಿದರು. ಸತ್ತವು ಸತ್ತವು, ನಿಂತವು ಮುಂದಿನ ಪರೀಕ್ಷೆಗೆ ಹೋದವು. ಇದರಲ್ಲಿ ಬೆರಗುಗೊಳಿಸುವ ಯಂತ್ರವೇನೂ ಇಲ್ಲ. ಮೇಲೆ ಹೇಳಿದ ಮೂಲಾರ್ಥದಲ್ಲಿ ಇದನ್ನೇ ನಾವು ಪಲ್ಲಟಕಾರಿ ತಂತ್ರವೆಂದು ಕರೆಯಲು ಹಿಂಜರಿಯುವುದಿಲ್ಲ.

ಹೀಗೆ ಆಯ್ದು ತೆಗೆದ ‘ಮಾರುತಿ’ ಎಂಬ ತಳಿಯು ೧೯೮೬ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ೧೯೯೦ರ ದಶಕದ ಆರಂಭದ ಹೊತ್ತಿಗೆ ಉತ್ತರ ಕರ್ನಾಟಕದ ತೊಗರಿ ಸೀಮೆಯ ಅರ್ಧಕ್ಕಿಂತ ಹೆಚ್ಚು ಕ್ಷೇತ್ರವನ್ನು ಅದು ಆವರಿಸಿತ್ತು. ಈ ಸಂಶೋಧನೆಗೆ ಹೂಡಿದ ಹಣವು ವರ್ಷಕ್ಕೆ ನೂರಕ್ಕೆ ಸುಮಾರು ೬೫ರ ದರದಲ್ಲಿ ಪ್ರತಿಫಲ ಕೊಟ್ಟಿತೆಂದು ೧೯೯೬ರಲ್ಲಿ ಪ್ರಕಟವಾದ ಲೆಕ್ಕವು ತೋರಿಸಿತು. ಯಾವ ಸಾಹುಕಾರನ ಬಡ್ಡಿಯೂ ಇದಕ್ಕೆ ಸಮನಾಗಲಾರದು. ವಿಶೇಷವೇನೆಂದರೆ ಆ ಫಲವು ಹಣ ಹೂಡಿದವರಿಗಲ್ಲದೆ ಬಿತ್ತಿದವರಿಗೆ ಸಂದಿತು. ೧೯೯೩ರಲ್ಲಿ ಬಂದ ‘ಆಶಾ’ ಎಂಬ ತಳಿಯು ನೆಟೆರೋಗವನ್ನೂ ಗೊಡ್ಡುರೋಗವನ್ನೂ ತಡೆಯುವ ಶಕ್ತಿಯುಳ್ಳದ್ದು.

ನಮ್ಮ ಹಿರಿಯರು ಜೋಳದ ಸಾಲುಗಳ ನಡುವೆ ತೊಗರಿಯನ್ನು ಅಕ್ಕಡಿಯಾಗಿ ಹಾಕುತ್ತಿದ್ದರಷ್ಟೆ. ಜೋಳದೊಡನೆ ಬೆಳೆದ ತೊಗರಿಗೆ ನೆಟೆರೋಗವು ಗಣನೀಯವಾಗಿ ಕಡಿಮೆಯೆಂಬುದು ಅದೇ ಪಟಾನ್‌ಚೆರುವಿನ ಪ್ರಯೋಗಗಳಲ್ಲಿ ಕಂಡುಬಂದಿತು. ಅಜ್ಜಂದಿರ ಪದ್ಧತಿಗೆ ವಿಜ್ಞಾನದ ಸಾಕ್ಷ್ಯ ದೊರೆಯಲು ಪರದೇಶದ ಹಣ ಬೇಕಾಯಿತೆಂದು ಯಾರಾದರೂ ನಕ್ಕರೆ ನಕ್ಕಾರು. ಪರೀಕ್ಷೆಗೆ ನಿಲ್ಲದ ಹಳೆಯ ಪದ್ಧತಿಗಳೂ ಉಂಟಾದ್ದರಿಂದ ನಾವು ನಗುವುದಿಲ್ಲ.

ಇನ್ನು ಸಂಕರ ತಳಿಯ ಪ್ರಯತ್ನ. ತೊಗರಿಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುದರಿಂದ ಅದು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಫಲಿಸುತ್ತದೆ. ಜೇನ್ನೊಣಗಳಿಂದ ಒಂದಿಷ್ಟು ಪರಪರಾಗವೂ ಬೀಳುತ್ತದೆ. ಪರಾಗವೇ ಹುಟ್ಟದಂಥ ಗಿಡವೊಂದು ದೊರೆತರೆ, ಅದರ ಪಕ್ಕದಲ್ಲಿ ಬೇರೊಂದು ತಳಿಯನ್ನು ಬಿತ್ತಿ, ನೊಣಗಳ ಕೈಯಿಂದಲೇ ಸಂಕರ ಬೀಜವನ್ನು ಪಡೆಯಬಹುದು. ಕೆ. ಬಿ. ಸಕ್ಸೇನಾ ಮತ್ತು ಅವರ ಸಹೋದ್ಯೋಗಿಗಳು ತೊಗರಿಯ ಕಾಡು ಬಂಧುವೊಂದರಿಂದ ಈ ಗುಣವನ್ನು ತಂದು ‘ಐ.ಸಿ.ಪಿ.ಎಚ್. ೨೬೭೧’ ಎಂಬ ಸಂಕರವನ್ನು ಸಿದ್ಧಗೊಳಿಸಿದರು. ಐದು ರಾಜ್ಯಗಳ ರೈತರ ಹೊಲಗಳಲ್ಲಿ ಇದರ ಸರಾಸರಿ ಇಳುವರಿ ಹೆಕ್ಟೇರಿಗೆ ೧,೩೯೬ ಕಿಲೋಗ್ರಾಂ, ಮಾರುತಿಯದು ೯೫೩. ಹೆಚ್ಚಳ ಶೇಕಡಾ ಎಷ್ಟೆಂಬುದನ್ನು ಎಂಟನೆಯ ತರಗತಿಯವರು ತಾವೇ ಲೆಕ್ಕ ಹಾಕಿ ನೋಡಲಿ.

ಇಷ್ಟಾದರೂ ಸಂಕರವು ಮಾರುತಿಯಂತೆ ಮನೆಮಾತಾಗಲಿಲ್ಲ. ಸಂಕರದ ಬೀಜವನ್ನು ಪ್ರತಿವರ್ಷ ಕೊಳ್ಳಬೇಕು. ಮನೆಯ ಕಣಜದಿಂದ ತೆಗೆದು ಬಿತ್ತಿದರೆ ಆ ಗುಣ ನಿಲ್ಲದು. ಬೀಜೋತ್ಪಾದನೆಗೆ ಇತರ ತೊಗರಿಯ ಹೊಲಗಳಿಂದ ದೂರವಾದ ನೆಲ ಬೇಕು. ಮಾರುತಿಯ ಬೀಜವಾದರೋ ಒಬ್ಬ ರೈತನ ಮನೆಯಿಂದ ಅವನ ಬೀಗರ ಊರಿಗೆ ಚೀಲದಲ್ಲಿ ಹೋಗಬಲ್ಲುದು. ತಂತ್ರದ ಶ್ರೇಷ್ಠತೆ ಒಂದು, ಅದು ಹರಡುವ ದಾರಿ ಇನ್ನೊಂದು. ಧನಸಹಾಯದ ಅರ್ಜಿಗಳಲ್ಲಿ ಮೊದಲನೆಯದನ್ನು ಕುರಿತು ಪುಟಗಟ್ಟಲೆ ಬರೆದು ಎರಡನೆಯದನ್ನು ಕುರಿತು ನಾಲ್ಕು ಸಾಲು ಬರೆಯುವುದು ಲೋಕರೂಢಿ.

೨೦೧೧ರಲ್ಲಿ ತೊಗರಿಯ ಅನುವಂಶಿಕ ಲಿಪಿಯ ಕರಡು ಪ್ರಕಟವಾಯಿತು. ರಾಜೀವ ವಾರ್ಷ್ಣೇಯರ ನೇತೃತ್ವದಲ್ಲಿ ಇಕ್ರಿಸ್ಯಾಟ್ ಸಂಸ್ಥೆಯು ಚೀನ, ಅಮೆರಿಕ ಮೊದಲಾದ ದೇಶಗಳ ಪ್ರಯೋಗಶಾಲೆಗಳೊಡನೆ ಕೂಡಿ ೪೮,೬೮೦ ಜೀನುಗಳನ್ನು ಗುರುತಿಸಿತು. ಅದೇ ವರ್ಷ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ವಿಜ್ಞಾನಿಗಳೂ ಸ್ವದೇಶದ ಹಣದಿಂದಲೇ ಈ ಕಾರ್ಯವನ್ನು ಸಾಧಿಸಿದರು. ಎರಡು ತಂಡಗಳೂ ಓದಿದುದು ‘ಆಶಾ’ ತಳಿಯನ್ನೇ. ಆ ಮೇಲೆ ೨೦೨೪ರಲ್ಲಿ ಶೀಘ್ರ ತಳಿವರ್ಧನೆಯ ಕ್ರಮವು ಪ್ರಕಟವಾಯಿತು. ಬೆಳಕು, ಉಷ್ಣ, ತೇವಗಳನ್ನು ಮನೆಯೊಳಗೆ ಹದಗೊಳಿಸಿ, ವರ್ಷಕ್ಕೆ ಒಂದು ಪೀಳಿಗೆಯ ಬದಲು ನಾಲ್ಕು ಪೀಳಿಗೆಗಳವರೆಗೆ ಪಡೆದು, ೧೩ ವರ್ಷ ಹಿಡಿಯುತ್ತಿದ್ದ ಕೆಲಸವನ್ನು ಸುಮಾರು ೫ ವರ್ಷಕ್ಕೆ ಇಳಿಸುವುದು ಇದರ ಉದ್ದೇಶ. ೪೫ ಡಿಗ್ರಿ ಉಷ್ಣವನ್ನು ತಾಳಿ ೧೨೫ ದಿನಗಳಲ್ಲಿ ಮಾಗುವ ‘ಐ.ಸಿ.ಪಿ.ವಿ. ೨೫೪೪೪’ ಎಂಬ ತೊಗರಿಯನ್ನು ೨೦೨೫ರಲ್ಲಿ ಸಂಸ್ಥೆಯು ಜಗತ್ತಿನ ಮುಂದಿಟ್ಟಿತು. ಬೇಸಗೆಯ ತೊಗರಿ ಎಂಬುದು ನಮ್ಮ ಮುದುಕರಿಗೆ ಕೇಳರಿಯದ ಮಾತು!

ಈ ೧೩ ಮತ್ತು ೫ರ ಲೆಕ್ಕವು ಹಣದ ವಿಷಯದಲ್ಲಿಯೂ ಮುಖ್ಯವಾದುದು. ಪರದೇಶದ ಧನಸಹಾಯವು ಎರಡು ವಿಧ. ಸಂಸ್ಥೆಯ ವಿವೇಚನೆಗೆ ಬಿಟ್ಟು ಕೊಡುವ ಹಣ ಒಂದು. ಇಂಥ ಕೆಲಸಕ್ಕೆ, ಇಷ್ಟು ವರ್ಷಕ್ಕೆ ಎಂದು ಕಟ್ಟಿ ಕೊಡುವ ಹಣ ಮತ್ತೊಂದು. ಎರಡನೆಯದರ ಅವಧಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಹದಿಮೂರು ವರ್ಷದ ಪೈರಿಗೆ ಐದು ವರ್ಷದ ಹಣ ಕೊಟ್ಟರೆ ಏನಾದೀತು? ನಡುವೆ ಹಣ ನಿಂತರೆ ಹೊಲದಲ್ಲಿರುವ ಅರ್ಧ ಸಿದ್ಧವಾದ ತಳಿಗಳು ಕಾಯುವುದಿಲ್ಲ. ಇದು ಬರಿಯ ಊಹೆಯಲ್ಲ. ಜಗತ್ತಿನ ಕೃಷಿ ಸಂಶೋಧನೆಗೆ ಬಹುಕಾಲದಿಂದ ಹಣ ಕೊಡುತ್ತಿದ್ದ ಅಮೆರಿಕ ಸರಕಾರದ ಯು.ಎಸ್.ಏಡ್ ಎಂಬ ಸಂಸ್ಥೆಯು ೨೦೨೫ರ ಜುಲೈ ೧ರಂದು ತನ್ನ ಸಹಾಯಕಾರ್ಯವನ್ನು ನಿಲ್ಲಿಸಿತು. ಅದನ್ನು ನಂಬಿದ್ದ ಎಷ್ಟೋ ವಿಶ್ವವಿದ್ಯಾಲಯಗಳ ಬೆಳೆ ಸಂಶೋಧನೆಗಳು ನಡುದಾರಿಯಲ್ಲಿ ಮುಗಿದವು. ತನ್ನ ಜನರು ಆರಿಸಿದ ಸರಕಾರಕ್ಕೆ ತನ್ನ ಹಣವನ್ನು ಹಿಂತೆಗೆಯುವ ಅಧಿಕಾರ ಉಂಟು. ನಮ್ಮ ಬೇಳೆಯ ಭವಿಷ್ಯವು ಅನ್ಯರ ಚುನಾವಣೆಗೆ ತೂಗುಹಾಕಿಕೊಂಡಿರಬೇಕೆ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಪ್ರಪಂಚದಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವ ದೇಶ ಭಾರತವೇ. ಅಷ್ಟಾಗಿಯೂ ಮೊಜಾಂಬಿಕ್, ಬರ್ಮಾ ದೇಶಗಳಿಂದ ತರಿಸಿಕೊಳ್ಳುತ್ತಲೇ ಇದ್ದೇವೆ.

ಹಣ ಬಂದರೂ ಹೋದರೂ ಉಳಿಯಬೇಕಾದ ಒಂದು ಆಸ್ತಿ ಪಟಾನ್‌ಚೆರುವಿನ ಬೀಜಭಂಡಾರ. ಅಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಮಾದರಿಗಳು ಶೈತ್ಯದಲ್ಲಿ ರಕ್ಷಿತವಾಗಿವೆ. ತೊಗರಿಯವೇ ೧೩,೦೦೦ಕ್ಕೂ ಹೆಚ್ಚು. ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪದಲ್ಲಿ ೨೦೦೮ರಲ್ಲಿ ತೆರೆದ ಹಿಮಭಂಡಾರದಲ್ಲಿಯೂ ಇವುಗಳ ಪ್ರತಿಗಳನ್ನು ಇರಿಸಿದ್ದಾರೆ. ೨೦೦೪ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದಂತೆ ಇವು ಯಾರೊಬ್ಬರ ಸೊತ್ತೂ ಅಲ್ಲದ ನ್ಯಾಸವಾಗಿವೆ. ನಮ್ಮ ದೇಶದ ೨೦೦೧ರ ಕಾಯಿದೆಯೂ ರೈತನು ತನ್ನ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ಹಂಚಲು, ಹೆಸರಿನ ಮುದ್ರೆಯಿಲ್ಲದೆ ಮಾರಲು ಹಕ್ಕು ಕೊಟ್ಟಿದೆ.

ಇದಕ್ಕೆ ಪ್ರತಿಪಕ್ಷವೂ ನಮ್ಮ ಸಮೀಪದಲ್ಲಿಯೇ ಇದೆಯೆಂಬುದನ್ನು ವಾಚಕರು ಬಲ್ಲರು. ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಬಡ ಹೆಣ್ಣುಮಕ್ಕಳು ನವಣೆ, ಸಾಮೆ, ಜೋಳ, ತೊಗರಿಗಳ ನಾಟಿ ಬೀಜಗಳನ್ನು ಬೂದಿ ಬೇವುಗಳೊಡನೆ ಬುಟ್ಟಿಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಮೈಸೂರು ಸೀಮೆಯವರಾಗಿ, ೨೦೨೩ರಲ್ಲಿ ತೀರಿಕೊಂಡ ಪಿ. ವಿ. ಸತೀಶರು ಈ ಕಾರ್ಯದ ಮುಖ್ಯ ಪ್ರೇರಕರು. ೨೦೦೮ರಲ್ಲಿ ಮಾಚನೂರಿನಲ್ಲಿ ಆ ಮಹಿಳೆಯರೇ ನಡೆಸುವ ಬಾನುಲಿ ಕೇಂದ್ರ ಆರಂಭವಾಯಿತು. ೨೦೧೯ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಅವರಿಗೆ ಈಕ್ವೇಟರ್ ಪಾರಿತೋಷಕವನ್ನಿತ್ತಿತು. ಏನನ್ನು ಸಂಶೋಧಿಸಬೇಕೆಂಬುದನ್ನು ಬಿತ್ತುವವರೇ ನಿಶ್ಚಯಿಸಬೇಕೆಂಬುದು ಅವರ ವಾದದ ತಿರುಳು. ಈ ಮಾತಿನಲ್ಲಿ ಸತ್ಯಾಂಶ ಬಹಳವಿದೆ. ಆದರೆ ನೆಟೆರೋಗಕ್ಕೆ ತಡೆಯುಳ್ಳ ಬೀಜವು ಬುಟ್ಟಿಯಲ್ಲಿದೆಯೋ ಇಲ್ಲವೋ ಎಂಬುದನ್ನು ರೋಗದ ಹೊಲದಲ್ಲಿ ಬಿತ್ತಿಯೇ ತಿಳಿಯಬೇಕಲ್ಲವೆ? ಮಾರುತಿಯೂ ರೈತರ ನಾಟಿ ತಳಿಯಿಂದಲೇ ಆಯ್ದುದು. ಬುಟ್ಟಿಗೂ ಶೈತ್ಯಭಂಡಾರಕ್ಕೂ ವೈರವನ್ನು ಕಲ್ಪಿಸುವವರ ಪಕ್ಷದಲ್ಲಿ ನಾವಿಲ್ಲ.

ಒಂದು ಕೊರತೆಯನ್ನು ಮಾತ್ರ ಹೇಳಬೇಕು. ಒಂದೇ ಜಿಲ್ಲೆಯಲ್ಲಿ ನಡೆಯುವ ಈ ಸಂಶೋಧನೆಯ ಫಲಗಳು ಪ್ರಕಟವಾಗುವುದು ಇಂಗ್ಲಿಷಿನಲ್ಲಿ. ನಮ್ಮ ಗಡಿಯ ಕನ್ನಡ ಶಾಲೆಯ ಹುಡುಗನಿಗೆ ಅವು ತಲಪುವುದು ಕಷ್ಟ. ಅವನಿಗೆ ಹೊಲ ಗೊತ್ತು, ರೋಗ ಗೊತ್ತು, ಕಾರಣ ಗೊತ್ತಿಲ್ಲ. ಆ ಕಾರಣಕ್ಕೆಂದೇ ಈ ಪಾಠವನ್ನು ಇಲ್ಲಿ ಬರೆದೆವು. ಇದಕ್ಕೆ ಹೊಂದಿಕೊಂಡು ಒಂದು ಅಭ್ಯಾಸವನ್ನೂ ಕೊಡುವೆವು.

ಎಳ್ಳಮಾವಾಸ್ಯೆಗೆ ಮನೆಯವರೊಡನೆ ಹೊಲಕ್ಕೆ ಹೋದಾಗ, ಚರಗ ಚೆಲ್ಲಿ ಊಟವಾದ ಮೇಲೆ, ತೊಗರಿಯ ಒಂದು ಸಾಲಿನಲ್ಲಿ ಕ್ರಮವಾಗಿ ನೂರು ಗಿಡಗಳನ್ನು ಎಣಿಸಬೇಕು. ಅವುಗಳಲ್ಲಿ ಬಾಡಿದವು ಎಷ್ಟೆಂದು ಬರೆದುಕೊಳ್ಳಬೇಕು. ಹಿರಿಯರ ಅಪ್ಪಣೆ ಪಡೆದು, ಬಾಡಿದ ಒಂದು ಗಿಡದ ಕಾಂಡವನ್ನು ಬುಡದಿಂದ ಸೀಳಿ ಒಳಗಿನ ಬಣ್ಣವನ್ನು ನೋಡಬೇಕು. ತಳಿಯ ಹೆಸರು, ಬೀಜ ಎಲ್ಲಿಂದ ತಂದುದು, ಹೋದ ವರ್ಷ ಅದೇ ನೆಲದಲ್ಲಿದ್ದ ಪೈರು ಯಾವುದು, ತೊಗರಿಯೊಂದೇ ಇದೆಯೋ ಜೋಳದ ಜೊತೆಗಿದೆಯೋ ಎಂಬ ನಾಲ್ಕು ಸಂಗತಿಗಳನ್ನು ಕೇಳಿ ತಿಳಿದು ಅದೇ ಹಾಳೆಯಲ್ಲಿ ಬರೆಯಬೇಕು. ಹಾಳೆಗಳನ್ನು ಸಂಕ್ರಾಂತಿಯ ರಜೆಯ ನಂತರ ವಿಜ್ಞಾನದ ಉಪಾಧ್ಯಾಯರಿಗೆ ಒಪ್ಪಿಸತಕ್ಕದ್ದು. ಮುಂದಿನ ಸಂಚಿಕೆಯಲ್ಲಿ ಊರುವಾರು ಪಟ್ಟಿಯನ್ನು ಮುದ್ರಿಸುವೆವು.